ಮೊಣಕೈ ಪಕ್ಕೆಗೊತ್ತಿ: ಹೋಟೆಲ್ ಕೆಲಸದಿಂದ ಹುಟ್ಟಿದ ಒಂದು ಆತ್ಮಶಿಲ್ಪದ ಪ್ರಕರಣ

ಎಡ ಭುಜದಿಂದ ಸೊಂಟದ ಎಲುಬಿನವರೆಗೆ ಮೈಯ ಒಂದು ಪಕ್ಕ. ಅದಕ್ಕೆ ಒತ್ತಿಕೊಂಡು ಮಡಚಿದ ಎಡಗೈ, ಅಂಗೈ ಮೇಲ್ಮುಖ. ತಲೆ ಇಲ್ಲ, ಬಲಗೈ ಇಲ್ಲ, ಕಾಲುಗಳಿಲ್ಲ. ಮುಂದೋಳಿನ ಮೇಲೆ ಕಮಾನಿನಂಥ ನಾಲ್ಕು ಗೆರೆಗಳು. ಅಲ್ಯೂಮಿನಿಯಂ ಎರಕ, ತೂಕ 7 ಕೆಜಿಯ ಹತ್ತಿರ.

ಇದು ನನ್ನ ಆತ್ಮಶಿಲ್ಪ. 2003ರಿಂದ 2016ರವರೆಗೆ ಬೆಂಗಳೂರಿನ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ಕ್ಲೀನರ್ ಆಗಿ, ಆಮೇಲೆ ಸಪ್ಲೈಯರ್ ಆಗಿ ದುಡಿದವನು ನಾನು. ಹೋಟೆಲ್ ಬಿಟ್ಟ ಮೇಲೆ ಶಿಲ್ಪ ಕಲಿಯಲು ಸೇರಿದೆ. ಕೊನೆಯ ವರ್ಷದ ಕೆಲಸವಾಗಿ ಇದನ್ನು ಮಾಡಿ ಮುಗಿಸಲು ಹನ್ನೊಂದು ತಿಂಗಳು ಹಿಡಿಯಿತು. ಆ ಹನ್ನೊಂದು ತಿಂಗಳಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಟ್ಟುಹೋದದ್ದನ್ನೂ ಬಿಡದೆ ಬರೆಯುತ್ತೇನೆ, ಯಾಕೆಂದರೆ ಪ್ರತಿ ಸಲವೂ ಮುಂದಿನ ದಾರಿ ಕಂಡದ್ದು ಕೆಟ್ಟ ಕಡೆಯಲ್ಲೇ.

ಮುಖ ಬಂತು, ನಾನು ಬರಲಿಲ್ಲ

ಶುರು ಮಾಡಿದ್ದು ಎಲ್ಲರ ಹಾಗೆ ಮುಖದಿಂದಲೇ. ಕಬ್ಬಿಣದ ಕಂಬಿಯ ಆಧಾರ, ಅದರ ಮೇಲೆ ಜೇಡಿಮಣ್ಣು, ಎದುರಿಗೊಂದು ಪಕ್ಕಕ್ಕೊಂದು ಎರಡು ಕನ್ನಡಿ. ಕ್ಯಾಲಿಪರ್ ಹಿಡಿದು ಕಿವಿಯಿಂದ ಕಿವಿಗೆ, ಗಲ್ಲದಿಂದ ಹುಬ್ಬಿಗೆ ಅಳತೆ ತೆಗೆದೆ. ಐದು ವಾರದಲ್ಲಿ ತಲೆ ಸಿದ್ಧವಾಯಿತು. ಹೋಲಿಕೆಗೆ ಮೋಸವಿರಲಿಲ್ಲ. ನಮ್ಮ ಮೇಷ್ಟ್ರು ಎರಡು ಸುತ್ತು ಹಾಕಿ ನೋಡಿ ಹೇಳಿದರು: "ಮೂಗು ನಿಂದೇ, ಕಿವಿ ನಿಂದೇ. ಆದ್ರೆ ಈತ ಏನು ಕೆಲಸ ಮಾಡಿದವನು ಅಂತ ನಂಗೆ ಗೊತ್ತಾಗ್ತಿಲ್ಲಪ್ಪ."

ನನಗೂ ಗೊತ್ತಾಗುತ್ತಿರಲಿಲ್ಲ. ಕನ್ನಡಿ ನೋಡಿ ಮಾಡಿದ ಮುಖ ಕನ್ನಡಿ ನೋಡುವವನ ಮುಖವೇ ಆಗಿತ್ತು. ಹೋಟೆಲಿನಲ್ಲಿ ಹದಿಮೂರು ವರ್ಷ ಇದ್ದೆ. ಕೈ ತೊಳೆಯುವ ಬೇಸಿನ್ನಿನ ಮೇಲೆ ಕನ್ನಡಿ ಇತ್ತು, ಆದರೆ ಅದು ಗಿರಾಕಿಗಳಿಗೆ. ಕೆಲಸದವರು ಅಲ್ಲಿ ನಿಂತು ಮುಖ ನೋಡಿಕೊಳ್ಳುವ ಪದ್ಧತಿ ಇರಲಿಲ್ಲ. ಹಾಗಾಗಿ ತಟ್ಟೆ ಹೊತ್ತು ಓಡಾಡುವಾಗ ನನ್ನ ಮುಖ ಹೇಗಿರುತ್ತಿತ್ತು ಎಂಬುದನ್ನು ನಾನು ಒಮ್ಮೆಯೂ ಕಂಡವನಲ್ಲ. ಕಾಣದ ಮುಖವನ್ನು ಮಣ್ಣಿನಲ್ಲಿ ಹೇಗೆ ತರುವುದು?

ಆ ದಿನಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಜನೀನ್ ಆಂಟೊನಿ ಎಂಬ ಕಲಾವಿದೆ 1993ರಲ್ಲಿ ಮಾಡಿದ ಕೆಲಸ. ತನ್ನದೇ ಎದೆಮಟ್ಟದ ಪ್ರತಿಮೆಗಳನ್ನು ಏಳು ಚಾಕೊಲೇಟಿನಲ್ಲಿ, ಏಳು ಸೋಪಿನಲ್ಲಿ ಎರಕ ಹೊಯ್ದು, ಚಾಕೊಲೇಟಿನವನ್ನು ನಾಲಿಗೆಯಿಂದ ನೆಕ್ಕಿ, ಸೋಪಿನವನ್ನು ಸ್ನಾನದ ನೀರಿನಲ್ಲಿ ಉಜ್ಜಿ ಮುಖ ಸವೆಯುವಂತೆ ಮಾಡಿದವಳು. ತಿನ್ನುವುದು, ತೊಳೆಯುವುದು, ಇವೇ ಅವಳ ಉಳಿ. ದಿನವೂ ಮಾಡುವ ಕೆಲಸ ಮುಖವನ್ನು ತಿದ್ದುತ್ತದೆ ಎಂದಾದರೆ, ನನ್ನ ಕೆಲಸ ನನ್ನ ಮೈಯ ಯಾವ ಭಾಗವನ್ನು ತಿದ್ದಿತ್ತು? ನಮ್ಮ ಕಡೆಯದೂ ನೆನಪಾಯಿತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ. ಅವರ ಮುಖ ನಮಗೆ ಗೊತ್ತಿಲ್ಲ, ಗುರುತಿಸುವುದು ಆ ಹೆಸರಿನಿಂದ, ಉಳಿಯ ಹಿಡಿತದಿಂದ. ಮುಖ ಬೇಕೇಬೇಕು ಎಂಬ ಹಟವನ್ನು ನಾನು ಬಿಟ್ಟೆ. ಮಣ್ಣಿನ ತಲೆಯನ್ನು ಒಡೆದು ಡ್ರಮ್ಮಿಗೆ ಹಾಕಿ ನೀರು ಸುರಿದೆ.

ಗಿರಾಕಿಯ ಕುರ್ಚಿಯಲ್ಲಿ

ಮರುವಾರ ಹಳೆಯ ಹೋಟೆಲಿಗೆ ಹೋಗಿ ಒಂದು ಮೂಲೆ ಟೇಬಲ್ಲಿನಲ್ಲಿ ಕೂತೆ. ಬೆಳಿಗ್ಗೆ ಒಂಬತ್ತು ಗಂಟೆ, ಜನ ತುಂಬಿರುವ ಹೊತ್ತು. ಕೂತು ತಿಂದವನಾಗಿ ಆ ಜಾಗವನ್ನು ನೋಡಿದ್ದು ಅದೇ ಮೊದಲು. ಸಪ್ಲೈಯರ್ ಬಂದ, ಇಟ್ಟ, ಹೋದ. ನನ್ನ ಕಣ್ಣಿನ ಮಟ್ಟಕ್ಕೆ ಬಂದದ್ದು ಅವನ ಮುಂದೋಳು. ಮುಖ ನೋಡಬೇಕಾದರೆ ನಾನು ಕತ್ತು ಎತ್ತಬೇಕಿತ್ತು. ಸುತ್ತ ಕೂತವರಲ್ಲಿ ಹೆಚ್ಚಿನವರು ಎತ್ತಲಿಲ್ಲ. ಇದನ್ನು ದೂರಿನಂತೆ ಹೇಳುತ್ತಿಲ್ಲ. ಹಸಿದವರ ಕಣ್ಣು ತಟ್ಟೆಯ ಮೇಲೇ ಇರುತ್ತದೆ, ಇರಬೇಕಾದ್ದೂ ಹಾಗೆಯೇ. ಆದರೆ ಹದಿಮೂರು ವರ್ಷ ಸಾವಿರಾರು ಜನ ನನ್ನನ್ನು ಕಂಡದ್ದು ಇಷ್ಟನ್ನೇ ಎಂದು ಅಲ್ಲಿ ಕೂತಾಗ ಹೊಳೆಯಿತು. ಮೊಣಕೈಯಿಂದ ಬೆರಳವರೆಗೆ, ಅಂಗಿಯ ಒಂದು ಪಕ್ಕ, ಹೆಗಲ ಮೇಲಿನ ಒರೆಸುವ ಬಟ್ಟೆ. ಅವರ ನೆನಪಿನಲ್ಲಿ ನಾನು ಎಲ್ಲಾದರೂ ಉಳಿದಿದ್ದರೆ ಈ ಭಾಗವಾಗಿ ಉಳಿದಿರಬೇಕು.

ರೂಮಿಗೆ ಬಂದು ಅಂಗಿ ಬಿಚ್ಚಿ, ಗೋಡೆಗೆ ತೂಗುಗುಂಡಿನ ದಾರ ಇಳಿಬಿಟ್ಟು, ಗೆಳೆಯನಿಂದ ಫೋಟೊ ತೆಗೆಸಿ ಅಳೆದೆ. ಎಡ ಭುಜ ಬಲಕ್ಕಿಂತ ಒಂದು ಸೆಂಟಿಮೀಟರಿಗೂ ಮೀರಿ ಎತ್ತರ. ನಮ್ಮ ಬೀದಿಯ ಟೈಲರ್ ಇದನ್ನು ಎಂದೋ ಕಂಡುಕೊಂಡಿದ್ದ. ಯಾವತ್ತೂ ಎಡಗಡೆ ಚೂರು ಬಟ್ಟೆ ಹೆಚ್ಚು ಬಿಟ್ಟೇ ಹೊಲಿಯುತ್ತಿದ್ದ, ಕೇಳಿದರೆ "ಇರ್ಲಿ ಬಿಡಿ ಸಾರ್" ಅನ್ನುತ್ತಿದ್ದ. ಎಡ ಮುಂದೋಳಿನ ಒಳಮೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಇಡ್ಲಿ ಪೆಟ್ಟಿಗೆಯ ಬಾಗಿಲು ತೆಗೆಯುವಾಗ ಹಬೆ ಬಡಿದ ಕಲೆ. ಅದರ ಮೇಲೆ ಕೂದಲು ಹುಟ್ಟಿಲ್ಲ. ಬೆರಳ ಸಂದಿಗಳಲ್ಲಿ ಚರ್ಮ ಒರಟು, ಕ್ಲೀನರ್ ಆಗಿದ್ದಾಗ ದಿನವಿಡೀ ತೊಟ್ಟಿಯ ನೀರಿನಲ್ಲಿ ಕೈಯಿಟ್ಟು ಹುಣ್ಣಾಗಿ ಮಾಗಿದ ಜಾಗ ಅದು.

ತಟ್ಟೆ ಹೊರುವುದನ್ನು ಕಲಿತದ್ದು 2005ರಲ್ಲಿ. ಎಂಜಲು ಬಕೆಟ್ ಬಿಟ್ಟು ಸಪ್ಲೈಗೆ ಬಾ ಎಂದದ್ದು ಅಡುಗೆ ಭಟ್ಟರು. ಮೊದಲ ತಟ್ಟೆ ಬೆರಳುಗಳ ಮೇಲೆ. ಎರಡನೆಯದು ಮಣಿಕಟ್ಟಿನ ಮೇಲೆ, ಮೊದಲನೆಯದರ ಅಂಚಿಗೆ ತುಸು ಏರಿಸಿ. ಮೂರನೆಯದು ಮುಂದೋಳಿನ ಮಧ್ಯೆ. ನಾಲ್ಕನೆಯದು ಮೊಣಕೈ ಮಡಚುವಲ್ಲಿ. ಒಂದರ ಅಂಚು ಇನ್ನೊಂದಕ್ಕೆ ಆತುಕೊಂಡಿರಬೇಕು, ಒಂದನ್ನು ಎತ್ತಿ ಇಡುವಾಗ ಉಳಿದವು ತಮ್ಮನ್ನು ತಾವೇ ಹಿಡಿದುಕೊಂಡಿರಬೇಕು. ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ಒಂದೇ ತೋಳಿನ ಮೇಲೆ ಹತ್ತಾರು ದೋಸೆ ತಟ್ಟೆ ಪೇರಿಸಿ ತರುವುದನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಅಷ್ಟು ನನ್ನಿಂದ ಎಂದೂ ಆಗಲಿಲ್ಲ, ನಮ್ಮ ಹೋಟೆಲಿನಲ್ಲಿ ನಾಲ್ಕೇ. ಭಟ್ಟರು ಹೇಳಿಕೊಟ್ಟದ್ದರಲ್ಲಿ ಅತಿ ಮುಖ್ಯವಾದದ್ದು ಹೆಬ್ಬೆರಳ ವಿಷಯ. ಮುಂದಿನ ತಟ್ಟೆಯನ್ನು ಹೆಬ್ಬೆರಳ ಬುಡದಿಂದ ಅದುಮಿ ಹಿಡಿಯಬೇಕು, ತುದಿ ಹೊರಕ್ಕೆ ಚಾಚಿರಬೇಕು. ಒಳಕ್ಕೆ ಬಾಗಿದರೆ ಸೌಟಿನ ಹಿಡಿಯಿಂದ ಗೆಣ್ಣಿಗೆ ಒಂದು ಬೀಳುತ್ತಿತ್ತು. "ಗಿರಾಕಿ ಸಾಂಬಾರಲ್ಲಿ ನಿನ್ನ ಬೆರಳೆಂತಕ್ಕೆ?"

ಇವೆಲ್ಲ ಈಗ ಕಡಿಮೆಯಾಗುತ್ತಿವೆ. 1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ಶುರುವಾದ ಮೇಲೆ, ಚೀಟಿ ಕೊಟ್ಟು ತಟ್ಟೆಯನ್ನು ತಾವೇ ಎತ್ತಿಕೊಂಡು ನಿಂತು ತಿನ್ನುವುದು ಬೆಂಗಳೂರಿಗೆ ರೂಢಿಯಾಯಿತು. ಬೆಲೆ ಇಳಿಯಿತು, ಬೇಗ ತಿಂದು ಹೋಗಲು ಅನುಕೂಲವಾಯಿತು, ನಾನೂ ಅಲ್ಲೇ ತಿನ್ನುತ್ತೇನೆ. ಆದರೆ ಅಲ್ಲಿ ಸಪ್ಲೈಯರ್ ಇಲ್ಲ, ಅವನ ತೋಳಿನ ವಿದ್ಯೆಗೆ ಕೆಲಸವಿಲ್ಲ. ನನ್ನ ತೋಳನ್ನು ಎರಕದಲ್ಲಿ ಹಿಡಿದಿಡಬೇಕು ಎನ್ನಿಸಿದ್ದಕ್ಕೆ ಇದೂ ಒಂದು ಕಾರಣ.

ನಿಂತ ಕೈ, ನಡುಗಿದ ಕೈ

ತೋಳನ್ನು ಮಣ್ಣಿನಲ್ಲಿ ಮಾಡುವುದೋ, ಮೈಯಿಂದಲೇ ಅಚ್ಚು ತೆಗೆಯುವುದೋ? ಮೇಷ್ಟ್ರಿಗೆ ಅಚ್ಚು ಇಷ್ಟವಿರಲಿಲ್ಲ. ಹಳೆಯ ಜಗಳ ಇದು. 1877ರಲ್ಲಿ ಫ್ರೆಂಚ್ ಶಿಲ್ಪಿ ರೊದಾಂ ತನ್ನ ಆಳೆತ್ತರದ ಬೆತ್ತಲೆ ಯುವಕನ ಶಿಲ್ಪವನ್ನು ಬ್ರಸೆಲ್ಸ್ ಮತ್ತು ಪ್ಯಾರಿಸ್ಸಿನಲ್ಲಿ ತೋರಿಸಿದಾಗ, ಇದು ಕಡೆದದ್ದಲ್ಲ, ಮನುಷ್ಯನ ಮೈಯಿಂದಲೇ ಅಚ್ಚೆತ್ತಿದ್ದು ಎಂದು ಜನ ಆಡಿಕೊಂಡರು. ಆತ ಮಾದರಿಯಾಗಿದ್ದ ಸೈನಿಕನ ಫೋಟೊಗಳನ್ನು ತೆಗೆಸಿ ಸಾಬೀತು ಮಾಡಬೇಕಾಯಿತು. ಮೇಷ್ಟ್ರು ಆ ಕಥೆ ಹೇಳಿದರು. ನಾನು ಹೇಳಿದೆ: "ಸಾರ್, ನಂಗೆ ಕೌಶಲ ತೋರಿಸೋದು ಬೇಡ. ಆ ಭಾರ ನನ್ನ ಮೈ ಮೇಲೆ ಇರೋವಾಗಲೇ ಗುರುತು ಸಿಗಬೇಕು." ಅವರು ಒಪ್ಪಿದರು. ಈಗಲೂ ನನ್ನ ಅಭಿಪ್ರಾಯ ಅದೇ. ಇನ್ನೊಬ್ಬರ ಶಿಲ್ಪಕ್ಕಾದರೆ ನಾನೂ ಮಣ್ಣನ್ನೇ ಹಿಡಿಯುತ್ತೇನೆ. ಇದಕ್ಕೆ ಮಾತ್ರ ಹೊರುವುದೇ ಕೆಲಸವಾಗಿತ್ತು.

ಅಚ್ಚಿಗೆ ಆಲ್ಜಿನೇಟ್ ಬಳಸಿದೆ. ಹಲ್ಲಿನ ಡಾಕ್ಟರು ದವಡೆಯ ಅಚ್ಚು ತೆಗೆಯಲು ಬಳಸುವ, ಕಡಲ ಪಾಚಿಯಿಂದ ಬಂದ ಪುಡಿ ಅದು. ನೀರಲ್ಲಿ ಕಲಸಿದರೆ ಇಡ್ಲಿ ಹಿಟ್ಟಿನ ಹದಕ್ಕೆ ಬಂದು, ಕೆಲವೇ ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಚರ್ಮದ ಸಣ್ಣ ಗೆರೆಯನ್ನೂ ಬಿಡುವುದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸನ್ನು ಮಾತ್ರ ದಪ್ಪಗೆ ನೇರವಾಗಿ ಮೈಗೆ ಬಳಿಯಬಾರದು. ಅದು ಗಟ್ಟಿಯಾಗುವಾಗ ಚರ್ಮ ಸುಡುವಷ್ಟು ಕಾಯುತ್ತದೆ, ಒಳಗೆ ಸಿಕ್ಕ ಕೈಯನ್ನು ಎಳೆದುಕೊಳ್ಳಲೂ ಆಗುವುದಿಲ್ಲ. ಮಾಡಲು ಹೊರಟವರು ಇದನ್ನು ಮರೆಯಬೇಡಿ.

ಮೊದಲ ಪ್ರಯತ್ನ ಹೀಗೆ. ಇಡ್ಲಿ, ವಡೆ, ಸಾಂಬಾರ್ ತುಂಬಿದ ನಾಲ್ಕು ಸ್ಟೀಲ್ ತಟ್ಟೆಗಳನ್ನು ತೂಗಿದ್ದೆ, 2 ಕೆಜಿ 300 ಗ್ರಾಂ ಇತ್ತು. ತಿಂಡಿಯ ಬದಲು ಅಷ್ಟೇ ತೂಕದ ಹಸಿಮಣ್ಣಿಟ್ಟು ತಟ್ಟೆಗಳನ್ನು ತೋಳಿಗೇರಿಸಿ ತರಗತಿಯ ಮಧ್ಯೆ ನಿಂತೆ. ಇಬ್ಬರು ಸಹಪಾಠಿಗಳು ಆಲ್ಜಿನೇಟ್ ಬಳಿದರು. ನಾಲ್ಕನೆಯ ನಿಮಿಷಕ್ಕೆ ಕೈ ನಡುಗತೊಡಗಿತು. ಹದ ಬರುವ ಹೊತ್ತಿಗೆ ಅಚ್ಚಿನ ಒಳಮೈ ಚಿಂದಿಯಾಗಿತ್ತು.

ಎರಡನೆಯ ಸಲ ತಟ್ಟೆಗಳನ್ನು ಚಾವಣಿಯ ಕೊಕ್ಕೆಯಿಂದ ದಾರ ಕಟ್ಟಿ ಇಳಿಬಿಟ್ಟು, ಕೈಯನ್ನು ಕೆಳಗೆ ಬರೀ ತಾಗಿಸಿ ನಿಂತೆ. ಅಚ್ಚು ಚೊಕ್ಕವಾಗಿ ಬಂತು. ಪ್ಲಾಸ್ಟರ್ ಸುರಿದು ಬಿಡಿಸಿದಾಗ ಒಂದೊಂದು ರೋಮದ ಗುಳಿಯೂ ಎದ್ದು ಕಾಣುತ್ತಿತ್ತು. ಆದರೆ ಸ್ನಾಯು ಸಡಿಲ. ಮಣಿಕಟ್ಟಿನ ನರ ಎದ್ದಿಲ್ಲ, ಹೆಬ್ಬೆರಳ ಬುಡದ ಮಾಂಸ ಜೋತಿದೆ. ಅದು ಭಾರ ಹೊತ್ತ ಕೈಯಲ್ಲ, ಹೊತ್ತವನಂತೆ ನಟಿಸುವ ಕೈ. ಅದನ್ನು ನೋಡುತ್ತ ಕೂತ ಸಂಜೆ ಈ ಕೆಲಸವನ್ನೇ ಕೈಬಿಡುವ ಯೋಚನೆ ಬಂದಿತ್ತು.

ದಾರಿ ತೋರಿಸಿದ್ದು ಹೋಟೆಲಿನ ಹಿರಿಯ ಸಪ್ಲೈಯರ್. ನನಗಿಂತ ಆರು ವರ್ಷ ದೊಡ್ಡವರು, ನಮ್ಮೂರ ಕಡೆಯವರೇ, ನಾವೆಲ್ಲ ಅಣ್ಣ ಎಂದೇ ಕರೆಯುವುದು. ಅವರ ವಾರದ ರಜೆಯ ದಿನ ಫೋನ್ ಮಾಡಿ ಎಲ್ಲ ಹೇಳಿದೆ.

"ಎಂತ ಮಾರಾಯ, ತಟ್ಟೆ ಹೊತ್ಕೊಂಡು ನಡು ಹಾಲಲ್ಲಿ ಯಾರಾದ್ರೂ ಸುಮ್ನೆ ನಿಲ್ತಾರಾ?"

"ಮತ್ತೆ ಹೆಂಗೆ ಮಾಡೋದು ಅಣ್ಣ? ಹತ್ತು ಹದಿನೈದು ನಿಮಿಷ ಅಲ್ಲಾಡದೆ ನಿಲ್ಬೇಕು."

"ಅಡುಗೆಮನೆ ಕಿಟಕಿ ಹತ್ರ ಹೆಂಗೆ ನಿಲ್ತಿದ್ದೆ, ಅದನ್ನ ನೆನಪು ಮಾಡ್ಕೋ. ಮೂರು ತಟ್ಟೆ ಬಂದಿರ್ತದೆ, ಒಂದು ಮಸಾಲೆ ಇನ್ನೂ ಕಾವಲಿ ಮೇಲೆ ಇರ್ತದೆ. ಆಗ?"

ಫೋನ್ ಕಿವಿಗೆ ಹಿಡಿದಿದ್ದಂತೆಯೇ ನನ್ನ ಎಡ ಮೊಣಕೈ ತಾನಾಗಿ ಪಕ್ಕೆಗೆ ಹೋಗಿ ಕೂತಿತು. ಸೊಂಟ ಟೇಬಲ್ಲಿನ ಅಂಚನ್ನು ಹುಡುಕಿತು. ಹೌದು, ಹಾಗೆಯೇ ನಿಲ್ಲುತ್ತಿದ್ದೆವು. ಮೊಣಕೈಯನ್ನು ಕೊನೆಯ ಪಕ್ಕೆಲುಬಿಗೆ ಒತ್ತಿ, ಸೊಂಟವನ್ನು ಕಟ್ಟೆಗೆ ಆನಿಸಿ, ತೋಳಿನ ಭಾರವನ್ನೆಲ್ಲ ಎಲುಬಿಗೆ ದಾಟಿಸಿ. ದೋಸೆ ಭಟ್ಟರು ಕಾವಲಿಗೆ ನೀರು ಚಿಮುಕಿಸಿ, ಹಿಡಿಸೂಡಿಯಿಂದ ಗುಡಿಸಿ, ಹಿಟ್ಟು ಹೊಯ್ದು, ಎಣ್ಣೆ ಬಿಟ್ಟು, ಪಲ್ಯ ಇಟ್ಟು ಮಡಚುವವರೆಗೆ ಅಷ್ಟು ಹೊತ್ತೂ ಹಾಗೇ. ಹದಿಮೂರು ವರ್ಷದಲ್ಲಿ ನಡೆದಷ್ಟೇ ಹೊತ್ತು ಹೀಗೆ ನಿಂತೂ ಇದ್ದೆ. ಅದು ನನಗೆ ಕೆಲಸವೆಂದು ಅನ್ನಿಸಿಯೇ ಇರಲಿಲ್ಲ. ಬಾಯಲ್ಲಿ ಮುಂದಿನ ಟೇಬಲ್ಲಿನ ಆರ್ಡರ್ ಗುನುಗುತ್ತ, ಎರಡು ಸೆಟ್, ಒಂದು ಖಾಲಿ, ಎರಡು ಬೈಟು, ಮರೆಯದಂತೆ.

ಹಾಗಾಗಿ ಶಿಲ್ಪದ ಭಂಗಿಯೇ ಬದಲಾಯಿತು. ಬಡಿಸುವವನ ಕೈ ಎಂದುಕೊಂಡು ಹೊರಟದ್ದು, ಕಾಯುವವನ ಮೈ ಆಯಿತು. ತೋಳೊಂದೇ ಸಾಲದು, ಪಕ್ಕೆಯೂ ಸೊಂಟವೂ ಬೇಕಾದವು. ಮೂರನೆಯ ಅಚ್ಚಿಗೆ ತಯಾರಿ ದೊಡ್ಡದಾಯಿತು. 450 ಗ್ರಾಮಿನ ಒಂಬತ್ತು ಪೊಟ್ಟಣ ಆಲ್ಜಿನೇಟ್, ಬೇಗ ಗಟ್ಟಿಯಾಗದಿರಲಿ ಎಂದು ಮಂಜುಗಡ್ಡೆ ಹಾಕಿದ ನೀರು, ರೋಮ ಕೀಳದಂತೆ ಮೈಗೆ ವ್ಯಾಸಲಿನ್. ಆಲ್ಜಿನೇಟ್ ಗಟ್ಟಿಯಾದ ಮೇಲೆ ಅದು ಜೋಲದಂತೆ ಹೊರಗಿನಿಂದ ಮೂಳೆ ಮುರಿದವರಿಗೆ ಸುತ್ತುವ ಪ್ಲಾಸ್ಟರ್ ಬ್ಯಾಂಡೇಜು. ತಟ್ಟೆ, ಮಣ್ಣು ಎಲ್ಲ ಮೊದಲಿನಷ್ಟೇ ತೂಕ. ಹದಿನೆಂಟು ನಿಮಿಷ ನಿಂತೆ. ಕೈ ಅಲ್ಲಾಡಲಿಲ್ಲ.

ಅಚ್ಚನ್ನು ಬೆನ್ನ ಕಡೆಯಿಂದ ಕೊಯ್ದು ನಾನು ಹೊರಬಂದಾಗ ತಟ್ಟೆಗಳು ಅದರೊಳಗೇ ಕಚ್ಚಿಕೊಂಡು ಉಳಿದವು. ಆಲ್ಜಿನೇಟ್ ಒಣಗುತ್ತ ಕುಗ್ಗುತ್ತದೆ, ಅದೇ ಗಂಟೆಯೊಳಗೆ ತುಂಬಿಸಬೇಕು. ತಟ್ಟೆಗಳಿದ್ದಂತೆಯೇ ಪ್ಲಾಸ್ಟರ್ ಸುರಿದೆವು. ಮರುದಿನ ಬಿಡಿಸಿ, ತಟ್ಟೆಗಳನ್ನು ಒಂದೊಂದಾಗಿ ಎಳೆದು ತೆಗೆದಾಗ, ಅವುಗಳ ಅಂಚು ಚರ್ಮವನ್ನು ಅದುಮಿದ್ದ ಜಾಗದಲ್ಲಿ ನಾಲ್ಕು ಕಮಾನು ಗೆರೆಗಳು ಉಳಿದಿದ್ದವು. ಇನ್ನೊಂದು ಸಂಗತಿ ನಾವು ಎಣಿಸಿರಲಿಲ್ಲ. ಮೊಣಕೈ ಎಷ್ಟು ಬಲವಾಗಿ ಒತ್ತಿತ್ತೆಂದರೆ ಅದಕ್ಕೂ ಪಕ್ಕೆಗೂ ನಡುವೆ ಆಲ್ಜಿನೇಟ್ ಇಳಿದೇ ಇರಲಿಲ್ಲ. ಎರಡೂ ಒಂದಾಗಿ ಬಂದಿದ್ದವು. ಬಿಡಿಸಿ ತಿದ್ದಲೇ ಎಂದು ಸಹಪಾಠಿ ಕೇಳಿದ, ಬೇಡವೆಂದೆ.

ಪಾತ್ರೆ ತೊಳೆದು, ಕರಗಿಸಿ

ಯಾವ ಲೋಹ ಎಂಬ ವಿಚಾರದಲ್ಲಿ ನನಗೆ ಗೊಂದಲವಿರಲಿಲ್ಲ. ಕಂಚು ನನ್ನ ಕೈಗೆಟುಕದ್ದು, ಎಟುಕಿದರೂ ಬೇಡವಾಗಿತ್ತು. ಹೋಟೆಲ್ ಎಂದರೆ ಸ್ಟೀಲ್ ಅಲ್ಲವೇ ಎಂದು ಹಲವರು ಕೇಳಿದರು. ಸ್ಟೀಲ್ ಪಾತ್ರೆಗಳಿಂದ ದೊಡ್ಡ ದೊಡ್ಡ ಶಿಲ್ಪಗಳನ್ನು ಕಟ್ಟಿ ಸುಬೋಧ್ ಗುಪ್ತ ಅದನ್ನು ಜಗತ್ತಿಗೇ ಪರಿಚಯಿಸಿದ್ದಾರೆ. ಆದರೆ ಹೊಳೆಯುವ ಸ್ಟೀಲ್ ಗಿರಾಕಿಗೆ ಕಾಣುವ ಭಾಗ. ಒಳಗೆ, ಒಲೆಯ ಮೇಲೆ, ನಮ್ಮ ಹೋಟೆಲಿನಲ್ಲಿ ಬಹುಕಾಲ ಇದ್ದದ್ದು ಅಲ್ಯೂಮಿನಿಯಂ. ಸಾಂಬಾರಿನ ದೊಡ್ಡ ಪಾತ್ರೆ, ಇಡ್ಲಿ ತಟ್ಟೆ, ಅನ್ನ ಬಸಿಯುವ ಜರಡಿ. ಸ್ಟೀಲಿಗೆ 1400 ಡಿಗ್ರಿಗೂ ಮೀರಿದ ಬೆಂಕಿ ಬೇಕು, ಅಲ್ಯೂಮಿನಿಯಂ 660ಕ್ಕೇ ಕರಗುತ್ತದೆ, ಸಣ್ಣ ಎರಕದ ಶೆಡ್ಡಿನಲ್ಲೂ ಆಗುತ್ತದೆ.

ಯಜಮಾನರನ್ನು ಹೋಗಿ ಕೇಳಿದೆ. ಅಡುಗೆಮನೆಯನ್ನು ಹೊಸದು ಮಾಡಿಸಿ ಹಳೆಯ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿದ್ದರು. ಗುಜರಿಯ ಬೆಲೆಗೇ ಕೊಟ್ಟರು, ಆಟೊದಲ್ಲಿ ಹೇರುವಾಗ ತಾವೂ ಒಂದು ಕೈ ಕೊಟ್ಟರು. ಅದರಲ್ಲೊಂದು ಸಾಂಬಾರ್ ಪಾತ್ರೆಯ ಕಿವಿ ಮುರಿದು ರಿವೆಟ್ ಹೊಡೆಸಿದ್ದು ನನಗೆ ಗುರುತು ಹತ್ತಿತು. ಆ ರಿವೆಟ್ಟಿನ ಸಂದಿಯಲ್ಲಿ ಕೂತ ಕರಿಯನ್ನು ತೆಗೆಯಲು ಕಡ್ಡಿಗೆ ನಾರು ಸುತ್ತಿ ಉಜ್ಜುತ್ತಿದ್ದ ದಿನಗಳಿದ್ದವು.

ಎರಕದ ಮೇಸ್ತ್ರಿ ಪಾತ್ರೆಗಳನ್ನು ನೋಡಿ, ಜಿಡ್ಡೂ ಕರಿಯೂ ಒಳಗೆ ಹೋದರೆ ಲೋಹದಲ್ಲಿ ಗಾಳಿ ಸೇರಿ ಸೂಜಿತೂತು ಬೀಳುತ್ತದೆ, ತೊಳೆದು ಒಣಗಿಸಿ ತಾ ಎಂದರು. ಎರಡು ದಿನ ಕೂತು ತೊಳೆದೆ. ಬೂದಿ, ಸೋಪು, ತೆಂಗಿನ ನಾರು. ಅಲ್ಯೂಮಿನಿಯಂಗೆ ಸೋಡಾ ಹಾಕಬಾರದು, ಕಪ್ಪಾಗುತ್ತದೆ. ಅದನ್ನು ಯಾರೂ ನೆನಪಿಸಬೇಕಾಗಿರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಕುಕ್ಕರುಗಾಲಲ್ಲಿ ಕೂತು ಮಾಡಿದ್ದ ಕೆಲಸವನ್ನು ಮೂವತ್ತೇಳರಲ್ಲಿ ಅದೇ ಪಾತ್ರೆಗಳ ಮೇಲೆ, ಕೊನೆಯ ಸಲ ಮಾಡುತ್ತಿದ್ದೆ. ಈ ಹನ್ನೊಂದು ತಿಂಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಎರಡು ದಿನಗಳು ಅವು.

ಪ್ಲಾಸ್ಟರ್ ಪ್ರತಿಯಿಂದ ರಬ್ಬರ್ ಅಚ್ಚು, ಅದರಿಂದ ಐದು ಮಿಲಿಮೀಟರ್ ದಪ್ಪದ ಟೊಳ್ಳು ಮೇಣದ ಪ್ರತಿ. ಮೇಣ 2 ಕೆಜಿ 300 ಗ್ರಾಂ ತೂಗಿತು. ನಾಲ್ಕು ತಟ್ಟೆ ತಿಂಡಿಯ ತೂಕವೂ ಅದೇ ಎಂದು ಆಗ ನನಗೆ ಮೈ ಜುಮ್ಮೆಂದಿತು. ಮೇಣದ ತೂಕ ನೋಡಿ ಲೋಹದ ಲೆಕ್ಕ ಹಾಕುವುದು ನಮ್ಮ ನೆಲದಲ್ಲಿ ಹಳೆಯ ಪದ್ಧತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ, ಮೇಣದ ಪ್ರತಿಗೆ ಹೊರಅಚ್ಚು ಹಾಕಿ, ಮೇಣ ಕರಗಿಸಿ ತೆಗೆದು, ಆ ಖಾಲಿಗೆ ಲೋಹ ಹೊಯ್ಯುವ ಈ ಎರಕವನ್ನು ಮಧೂಚ್ಛಿಷ್ಟ ವಿಧಾನ ಎಂದು ವಿವರಿಸಿ, ಯಾವ ಲೋಹಕ್ಕೆ ಮೇಣದ ಎಷ್ಟು ಪಾಲು ಎಂದೂ ಹೇಳಿದೆ. ಅದೇ ಗ್ರಂಥದ ಅನ್ನಭೋಗದ ಭಾಗದಲ್ಲಿ ಇಡ್ಡರಿಕಾ, ಧೋಸಕ ಎಂದು ಇಡ್ಲಿ ದೋಸೆಗಳ ಪೂರ್ವಜರೂ ಇದ್ದಾರೆ. ಎರಕ ಹೊಯ್ಯುವುದನ್ನೂ ಹಿಟ್ಟು ಹೊಯ್ಯುವುದನ್ನೂ ಒಂದೇ ಹೊತ್ತಗೆಯಲ್ಲಿ ಓದಿದಾಗ ನನ್ನ ಎರಡು ಬದುಕುಗಳು ಪಕ್ಕಪಕ್ಕ ಕೂತಂತೆ ಆಯಿತು. ಅಲ್ಯೂಮಿನಿಯಂ ಹಗುರ, ಮೇಣದ ಮೂರು ಪಾಲು ಸಾಕು. ಅಚ್ಚಿನೊಳಗೆ ಲೋಹ ಹರಿದು ಹೋಗುವ ದಾರಿಗಳಿಗೂ ಸೇರಿಸಿ 10 ಕೆಜಿ ಕರಗಿಸಿದೆವು.

ಮೊದಲ ಎರಕ ಮಣಿಕಟ್ಟಿನಲ್ಲಿ ಬಿರಿಯಿತು. ಪ್ಲಾಸ್ಟರ್ ಮತ್ತು ಇಟ್ಟಿಗೆ ಪುಡಿಯ ಹೊರಅಚ್ಚನ್ನು ಒಡೆದಾಗ ಅಂಗೈ ಒಂದು ಕಡೆ, ತೋಳು ಒಂದು ಕಡೆ, ನಡುವೆ ಕೂದಲೆಳೆಯ ಸೀಳು. ಮೇಸ್ತ್ರಿ ಗದರಲಿಲ್ಲ, ಕಾರಣ ಹೇಳಿದರು. ಪಾತ್ರೆಯ ಲೋಹ ತಗಡಾಗಿ ಬಡಿಯಲು ಮಾಡಿದ್ದು, ಬಹುಪಾಲು ಶುದ್ಧ. ಅದು ಅಚ್ಚಿನಲ್ಲಿ ಸರಾಗ ಹರಿಯುವುದಿಲ್ಲ. ಕರಗಿದ ಅಲ್ಯೂಮಿನಿಯಂ ಗಟ್ಟಿಯಾಗುವಾಗ ನೂರಕ್ಕೆ ಆರರಷ್ಟು ಕುಗ್ಗುತ್ತದೆ. ಆಗ ಎರಡು ದಪ್ಪ ಭಾಗಗಳು ನಡುವಿನ ತೆಳು ಭಾಗವನ್ನು ಎರಡೂ ಕಡೆಯಿಂದ ಜಗ್ಗುತ್ತವೆ. ಹರಿಯಲೂ ಬೇಕು, ಬಿರಿಯಲೂಬಾರದು ಎಂದರೆ ಸಿಲಿಕಾನ್ ಬೇಕು. ಅದು ಇರುವುದು ಎಂಜಿನ್ನಿನ ಪಿಸ್ಟನ್ನಿನಲ್ಲಿ, ನೂರಕ್ಕೆ ಹನ್ನೆರಡರ ಆಸುಪಾಸು. "ಬರೀ ಅಕ್ಕಿ ಹಾಕಿದ್ರೆ ದೋಸೆ ಬಿರಿಯಲ್ವೇನಪ್ಪಾ? ಉದ್ದು ಬೇಕು" ಎಂದರು. ಅದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಕೊಡಲಾರರು.

ಮನಸ್ಸಿಗೆ ಕಸಿವಿಸಿಯಾದದ್ದು ನಿಜ. ಹೋಟೆಲಿನ ಲೋಹ ಮಾತ್ರ ಇರಬೇಕು ಎಂಬ ಆಸೆ ನನ್ನದು. ಎರಡು ದಿನ ಯೋಚಿಸಿ ಒಪ್ಪಿಕೊಂಡೆ. ಹತ್ತರಲ್ಲಿ ಆರು ಪಾಲು ಪಾತ್ರೆ, ನಾಲ್ಕು ಪಾಲು ಆಟೊ, ಸ್ಕೂಟರುಗಳ ಹಳೆಯ ಪಿಸ್ಟನ್. ರಬ್ಬರ್ ಅಚ್ಚು ಇದ್ದದ್ದರಿಂದ ಮೇಣದ ಇನ್ನೊಂದು ಪ್ರತಿ ತೆಗೆಯಲು ಕಷ್ಟವಾಗಲಿಲ್ಲ. 730 ಡಿಗ್ರಿಯಲ್ಲಿ ಹೊಯ್ದೆವು. ಈ ಸಲ ಬೆರಳ ತುದಿಯವರೆಗೂ ಇಳಿದಿತ್ತು.

ತಟ್ಟೆ ಇಟ್ಟು ನೋಡಿದೆ, ತೆಗೆದೆ

ಎರಕದ ತೋಳಿನ ಮೇಲೆ ನಿಜವಾದ ನಾಲ್ಕು ಸ್ಟೀಲ್ ತಟ್ಟೆ ಇಡುವುದು ಮೊದಲಿಂದಲೂ ಇದ್ದ ಯೋಜನೆ. ಇಟ್ಟೆ, ಗೆರೆಗಳಲ್ಲಿ ಸರಿಯಾಗಿ ಕೂತವು. ಆದರೆ ನೋಡಲು ಬಂದವರೆಲ್ಲರ ಕಣ್ಣು ತಟ್ಟೆಗೇ ಹೋಯಿತು, ಕೆಲವರು ಒಳಗೆ ಏನಿದೆ ಎಂದು ಬಗ್ಗಿ ನೋಡಿದರು. ಹೋಟೆಲಿನ ಟೇಬಲ್ಲಿನಲ್ಲಿ ಆದದ್ದೇ ಇಲ್ಲೂ ಆಗುತ್ತಿತ್ತು. ಒಂದೊಂದೇ ತೆಗೆದು ನೋಡುತ್ತ ಹೋದೆ. ನಾಲ್ಕೂ ಹೋದ ಮೇಲೆ ಗೆರೆಗಳು ಮಾತಾಡತೊಡಗಿದವು. ಏನನ್ನೋ ಹೊತ್ತಿದೆ, ಹೊತ್ತದ್ದು ಕಾಣುತ್ತಿಲ್ಲ. ಹಾಗೇ ಬಿಟ್ಟೆ.

ಮೈಯನ್ನು ಹೊಳಪಿಗೆ ತರಲಿಲ್ಲ. ಪಾತ್ರೆ ಉಜ್ಜಿದ ನಾರಿನಿಂದಲೇ ಉಜ್ಜಿದೆ, ಉಜ್ಜಿದ ಗೀರುಗಳು ಹಾಗೇ ಇವೆ. ಇಡುವ ಎತ್ತರಕ್ಕೆ ಬಹಳ ತಲೆ ಕೆಡಿಸಿಕೊಂಡೆ. ನಿಂತು ನೋಡಿದರೆ ಅದು ಮುರಿದ ವಿಗ್ರಹದಂತೆ ಕಾಣುತ್ತಿತ್ತು. ಕೊನೆಗೆ ಅದನ್ನು ಗೋಡೆಗೆ ನನ್ನದೇ ಎತ್ತರದಲ್ಲಿ ಕೂರಿಸಿ, ಎದುರಿಗೆ ಒಂದು ಹೋಟೆಲ್ ಬೆಂಚು ಹಾಕಿದೆ. ಬೆಂಚಿನಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಮುಂದೋಳು ಬರುತ್ತದೆ. ಕತ್ತು ಎತ್ತಿದರೆ ಭುಜದ ಮೇಲೆ ಬರೀ ಗೋಡೆ.

ಪ್ರದರ್ಶನದ ಮೂರನೆಯ ದಿನ ಅಣ್ಣ ಬಂದರು, ಮಧ್ಯಾಹ್ನದ ಬಿಡುವಿನಲ್ಲಿ. ಬೆಂಚಿನಲ್ಲಿ ಕೂರಲಿಲ್ಲ. ಹತ್ತಿರ ಹೋಗಿ ನಿಂತು, ಕೈಕಟ್ಟಿ, ಬಹಳ ಹೊತ್ತು ನೋಡಿದರು. ಮೊಣಕೈ ಪಕ್ಕೆಗೆ ಅಂಟಿದ ಜಾಗವನ್ನು ಬೆರಳಲ್ಲಿ ಸವರಿ ತಲೆಯಾಡಿಸಿದರು. ಆಮೇಲೆ ಹೆಬ್ಬೆರಳ ಮೇಲೆ ಕೈಯಿಟ್ಟರು.

"ಇದು ಒಳಗೆ ಬಂದಿದೆಯಲ್ಲ ಮಾರಾಯ."

ನೋಡಿದೆ. ಹೆಬ್ಬೆರಳ ತುದಿ ಒಳಕ್ಕೆ, ತಟ್ಟೆ ಇದ್ದಿದ್ದರೆ ಅದರ ಅಂಚಿನ ಮೇಲೆ ಬಾಗಿತ್ತು. ಹನ್ನೊಂದು ತಿಂಗಳಲ್ಲಿ ಪ್ಲಾಸ್ಟರ್, ಮೇಣ, ಲೋಹ, ಎಲ್ಲದರಲ್ಲೂ ಅದೇ ಹೆಬ್ಬೆರಳನ್ನು ತಿದ್ದಿ ತೀಡಿದ್ದೆ, ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ. ಅಣ್ಣ ತಮ್ಮ ಎಡಗೈಯನ್ನು ಶಿಲ್ಪದ ಪಕ್ಕದಲ್ಲಿ ಹಿಡಿದು ತೋರಿಸಿದರು. ಬುಡ ಅದುಮಿ, ತುದಿ ಹೊರಗೆ. "ಬಿಟ್ಟು ಏಳು ವರ್ಷ ಆಯ್ತಲ್ಲ, ಕೈಗೆ ಮರ್ತು ಹೋಗಿದೆ" ಎಂದರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ನಾಲ್ಕು ಗಂಟೆಗೆ ಮತ್ತೆ ಕೆಲಸಕ್ಕೆ ಹಾಜರಾಗಬೇಕಿತ್ತು, ಹೊರಟರು.

ಹೆಬ್ಬೆರಳನ್ನು ಕತ್ತರಿಸಿ, ತಿರುಗಿಸಿ ಬೆಸೆಯಬಹುದು. ಅಲ್ಯೂಮಿನಿಯಂಗೆ ಅದು ಒಂದು ಮಧ್ಯಾಹ್ನದ ಕೆಲಸ. ಮಾಡಲಿಲ್ಲ. ಶಿಲ್ಪದ ಪಕ್ಕದ ಚೀಟಿಯಲ್ಲಿ ಶೀರ್ಷಿಕೆಯ ಕೆಳಗೆ "2003–2016" ಎಂದು ಬರೆದಿದ್ದೆ. ಸಂಜೆ ಬಾಗಿಲು ಹಾಕುವ ಮೊದಲು ಅದನ್ನು ಕಿತ್ತು, "2023" ಎಂದು ಬರೆದ ಬೇರೆ ಚೀಟಿ ಅಂಟಿಸಿದೆ.